ಪಾಲೆ ಮರವನ್ನು ಮೊದಲು ಹಗಲಲ್ಲಿ ನೋಡಿ ಬನ್ನಿ

ತುಳುವರ ಮಳೆಗಾಲದ ತಿಂಗಳು ಆಟಿ ಹತ್ತಿರ ಬಂತೆಂದರೆ ನನಗೆ ಬರುವ ಪ್ರಶ್ನೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ಕೇಳುವವರು ಹೆಚ್ಚಾಗಿ ಮಂಗಳೂರು, ಉಡುಪಿ ಕಡೆಯ ಕಾಲೇಜು ಮಕ್ಕಳು. ಊರಿನ ಸೊಪ್ಪು, ಕಣಿಲೆ (ಎಳೆ ಬಿದಿರು), ಪತ್ರೊಡೆ ಎಲ್ಲ ಬೇಕು ಎಂದು ಅವರಿಗೆ ಅನ್ನಿಸಿದೆಯಲ್ಲ, ಸಸ್ಯಶಾಸ್ತ್ರ ಪಾಠ ಮಾಡುವ ನನಗೆ ಅದಕ್ಕಿಂತ ಖುಷಿ ಬೇರೆ ಇಲ್ಲ. ಆದರೆ ರೀಲ್ಸ್ ನೋಡಿ ಗಿಡ ಗುರುತಿಸಲು ಹೊರಡುವುದನ್ನು ಕಂಡರೆ ಸಿಟ್ಟು ಬರುತ್ತದೆ. ಅದಕ್ಕೇ ಈ ಸಲ ಒಂದು ಪ್ರಶ್ನೆಗೆ, ಆಟಿ ಅಮಾವಾಸ್ಯೆಯ ಬೆಳಿಗ್ಗೆ ನಮ್ಮ ಕಡೆ ಕುಡಿಯುವ ಪಾಲೆ ಕಷಾಯದ ಪ್ರಶ್ನೆಗೆ, ಜಾಸ್ತಿ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಾವು ಮಂಗಳೂರಿನಲ್ಲಿ ಪಿಜಿಯಲ್ಲಿರುವ ಗೆಳೆಯರು. ಈ ಆಟಿ ಅಮಾವಾಸ್ಯೆಗೆ ನಾವೇ ಹೋಗಿ ಪಾಲೆ ಮರದ ಕೆತ್ತೆ (ತೊಗಟೆ) ತಂದು ಕಷಾಯ ಮಾಡಬೇಕು ಎಂದಿದ್ದೇವೆ. ಏಳು ಎಲೆ ಇರಬೇಕು, ಕೆತ್ತಿದರೆ ಹಾಲು ಬರಬೇಕು ಎಂದು ವಿಡಿಯೋದಲ್ಲಿ ಹೇಳಿದ್ದಾರೆ. ಅಷ್ಟು ಸಾಕಲ್ವಾ?

ಸಾಕಾಗುವುದಿಲ್ಲ. ತಪ್ಪು ಮರದ ಕೆತ್ತೆ ಕುಡಿದು ಪ್ರಾಣ ಹೋದದ್ದು ನಮ್ಮ ಜಿಲ್ಲೆಗಳಲ್ಲಿ ಹೊಸ ಸುದ್ದಿ ಏನಲ್ಲ.

ಮೊದಲು ಎಲೆ. ಪಾಲೆಯಲ್ಲಿ, ಅಂದರೆ ಕನ್ನಡದ ಹಾಲೆ ಅಥವಾ ಮದ್ದಾಲೆಯಲ್ಲಿ, ಒಂದೇ ಗಂಟಿನಿಂದ ಎಲೆಗಳು ಕೊಡೆಯ ಕಡ್ಡಿಗಳ ಹಾಗೆ ಸುತ್ತಲೂ ಹರಡಿರುತ್ತವೆ. ಏಳೇ ಇರಬೇಕೆಂದಿಲ್ಲ. ಒಂದೇ ಗೆಲ್ಲಿನಲ್ಲಿ ಒಂದು ಕಡೆ ಐದು, ಇನ್ನೊಂದು ಕಡೆ ಆರು ಇರಬಹುದು. ಎಲೆ ಉದ್ದ, ತುದಿ ಮೊಂಡು. ಮೇಲ್ಭಾಗ ಹೊಳೆಯುವ ಕಡು ಹಸಿರು, ಅಡಿಭಾಗ ಮಾಸಲು. ಎಲೆಯನ್ನು ಬೆಳಕಿಗೆ ಹಿಡಿದರೆ ನಡುವಿನ ದಂಟಿನಿಂದ ಅಂಚಿನವರೆಗೆ ಸಣ್ಣ ಸಣ್ಣ ನರಗಳು ಒತ್ತೊತ್ತಾಗಿ, ಸಾಲಾಗಿ ಹೋಗಿರುವುದು ಕಾಣುತ್ತದೆ. ವಿಡಿಯೋದವರು ಇದನ್ನು ತೋರಿಸುವುದೇ ಇಲ್ಲ.

ಇನ್ನು ಕಾಸರಕ. ತುಳುವಿನಲ್ಲಿ ಕಾಯೆರ್. ಗೊಂದಲ ಆಗುವುದು ಹೆಚ್ಚಾಗಿ ಇದರ ಜೊತೆ, ಮತ್ತು ಇದರಲ್ಲಿರುವುದು ಸ್ಟ್ರಿಕ್ನೀನ್ ಎಂಬ ಘೋರ ವಿಷ. ಕಾಸರಕದಲ್ಲಿ ಎಲೆಗಳು ಎದುರುಬದುರಾಗಿ ಎರಡೆರಡೇ ಇರುತ್ತವೆ. ಎಲೆಯ ಬುಡದಿಂದಲೇ ಮೂರು ಅಥವಾ ಐದು ದಪ್ಪ ನರಗಳು ತುದಿಯ ಕಡೆ ಬಾಗಿ ಹೋಗುತ್ತವೆ. ಹಣ್ಣಾದರೆ ಕಿತ್ತಳೆ ಬಣ್ಣದ ಉರುಟು ಕಾಯಿ. ಹಾಲು ಬರುವುದಿಲ್ಲ. ಹಾಗಂತ ಹಾಲು ಬಂದ ಮರವೆಲ್ಲ ಪಾಲೆ ಎಂದು ತಿಳಿಯಬೇಡಿ. ಕಣಗಿಲೆಯಲ್ಲೂ ಹಾಲಿದೆ, ಅದೂ ವಿಷ.

ಇಷ್ಟೆಲ್ಲ ಹಗಲಲ್ಲಿ ಸುಲಭ. ಆದರೆ ನೀವು ಹೋಗುವುದು ಸೂರ್ಯ ಹುಟ್ಟುವ ಮೊದಲು, ಜಡಿಮಳೆಯಲ್ಲಿ, ಮೊಬೈಲ್ ಟಾರ್ಚ್ ಹಿಡಿದು. ದೊಡ್ಡ ಮರದ ಎಲೆ ಎಲ್ಲೋ ಮೇಲಿರುತ್ತದೆ. ಕೈಗೆ ಸಿಗುವುದು ಬುಡದ ತೊಗಟೆ ಮಾತ್ರ, ಅದೂ ಪಾಚಿ ಹಿಡಿದು ಒದ್ದೆಯಾಗಿರುತ್ತದೆ. ಹಿರಿಯರು ಹಿಂದಿನ ದಿನ ಹಗಲಲ್ಲೇ ಮರ ನೋಡಿ, ಗುರುತು ಮಾಡಿ ಬರುತ್ತಿದ್ದುದು ಸುಮ್ನೆ ಅಲ್ಲ. ಕಬ್ಬಿಣ ತಾಗಿಸಬಾರದು, ಕಲ್ಲಿನಿಂದಲೇ ಜಜ್ಜಬೇಕು ಎಂಬುದನ್ನು ಎಲ್ಲರೂ ನೆನಪಿಟ್ಟಿದ್ದಾರೆ. ಜೀವ ಉಳಿಸುವ ಆ ಕ್ರಮವನ್ನು ಮಾತ್ರ ಮರೆತಿದ್ದಾರೆ.

"ಬಾಯಿಗೆ ಹಾಕಿದರೆ ಗೊತ್ತಾಗುತ್ತದೆ, ಪಾಲೆ ಕಹಿ" ಎನ್ನುವವರಿದ್ದಾರೆ. ಕಾಸರಕವೂ ಭಯಂಕರ ಕಹಿ. ರುಚಿ ನೋಡಿ ಪರೀಕ್ಷೆ ಮಾಡುವುದು ಅಪಾಯ. ಓಮ, ಬೆಳ್ಳುಳ್ಳಿ, ಕರಿಮೆಣಸು ಹಾಕಿ ಬಿಸಿ ಬೆಣಚುಕಲ್ಲಿನ ಒಗ್ಗರಣೆ ಕೊಟ್ಟರೆ ವಿಷ ಹೋಗುತ್ತದೆ ಎಂಬ ಮಾತೂ ಸುಳ್ಳು.

ಕುಡಿದ ಸ್ವಲ್ಪ ಹೊತ್ತಿನಲ್ಲೇ ಕತ್ತು ಬಿಗಿದರೆ, ಕೈಕಾಲು ಅದುರಿದರೆ, ಸಣ್ಣ ಸದ್ದಿಗೂ ಮೈ ಬೆಚ್ಚಿಬಿದ್ದು ಸೆಟೆದುಕೊಂಡರೆ ಒಂದು ನಿಮಿಷವೂ ಕಾಯಬೇಡಿ. 108ಕ್ಕೆ ಕರೆ ಮಾಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಅದರಿಂದಲೇ ಸೆಳೆತ ಹೆಚ್ಚಾಗಬಹುದು. ಉಳಿದ ಕೆತ್ತೆಯ ತುಂಡನ್ನು ಆಸ್ಪತ್ರೆಗೆ ಜೊತೆಗೇ ಒಯ್ಯಿರಿ. ಯಾವ ಮರ ಎಂದು ಗೊತ್ತಾದರೆ ವೈದ್ಯರಿಗೆ ಅರ್ಧ ಕೆಲಸ ಹಗುರ.

ಸರಿಯಾದ ಪಾಲೆಯೇ ಆದರೂ ಅದು ಬರೀ ನೀರಲ್ಲ. ಅದರಲ್ಲೂ ಗಟ್ಟಿ ರಾಸಾಯನಿಕಗಳಾದ ಆಲ್ಕಲಾಯ್ಡ್‌ಗಳಿವೆ. ಸಣ್ಣ ಲೋಟದಲ್ಲಿ ಸ್ವಲ್ಪ ಕುಡಿದು, ಮೇಲಿಂದ ಮೆಂತೆ ಗಂಜಿ ಉಣ್ಣುವುದು ಕ್ರಮ. ಗರ್ಭಿಣಿಯರು, ಸಣ್ಣ ಮಕ್ಕಳು, ಲಿವರ್ ಅಥವಾ ಕಿಡ್ನಿ ತೊಂದರೆ ಇರುವವರು, ದಿನವೂ ಮಾತ್ರೆ ನುಂಗುವವರು ಕುಡಿಯುವುದೇ ಬೇಡ. ಇದನ್ನು ಅತಿ ಎಚ್ಚರಿಕೆ ಎನ್ನುವವರು ಎನ್ನಲಿ. ಒಂದು ಬೆಳಿಗ್ಗೆ ಕುಡಿದರೆ ವರ್ಷವಿಡೀ ಕಾಯಿಲೆ ಬಾರದು ಎಂದು ಹೇಳಿ ಪ್ಯಾಕೆಟ್ ಪುಡಿ, ಬಾಟಲಿ ಕಷಾಯ ಮಾರುವವರಿಗಂತೂ ಒಂದು ರೂಪಾಯಿಯನ್ನೂ ಕೊಡಬೇಡಿ. ಪುಡಿ ಮಾಡಿದ ಮೇಲೆ ಅದು ಯಾವ ಮರದ್ದೆಂದು ನನಗೂ ಹೇಳಲಿಕ್ಕಾಗುವುದಿಲ್ಲ.

ಮರದ ಮಾತೂ ಇದೆ. ಪೇಟೆಯೊಳಗೆ ಉಳಿದಿರುವ ನಾಲ್ಕು ಪಾಲೆ ಮರಗಳಿಗೆ ಇಡೀ ಬಡಾವಣೆ ಮುಗಿಬೀಳುತ್ತದೆ. ತೊಗಟೆಯನ್ನು ಸುತ್ತಲೂ ಸುಲಿದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದಿಲ್ಲ, ಮರ ನಿಧಾನವಾಗಿ ಸಾಯುತ್ತದೆ. ಒಂದೇ ಬದಿಯಲ್ಲಿ, ಅಂಗೈ ಅಗಲಕ್ಕಿಂತ ಕಡಿಮೆ ತೆಗೆಯಿರಿ. ಹೋದ ವರ್ಷ ಕೆತ್ತಿದ ಗಾಯ ಮಾಗದಿದ್ದರೆ ಆ ಮರವನ್ನು ಬಿಟ್ಟುಬಿಡಿ. ನಾಲ್ವರಿಗೆ ನಾಲ್ಕು ಮರ ಬೇಡ, ಗೊತ್ತಿರುವ ಒಂದು ಮನೆಯ ಕಷಾಯ ಸಾಕು. ನನ್ನ ಸಲಹೆ ಅದೇ. ಈ ವರ್ಷ ಯಾರದಾದರೂ ಅಜ್ಜಿಯ ಮನೆಗೆ ಹೋಗಿ ಕುಡಿಯಿರಿ. ಹೋದಲ್ಲಿ ಹಗಲು ಹೊತ್ತಿನಲ್ಲಿ ಆ ಮರ ತೋರಿಸಿ ಎಂದು ಕೇಳಿ. ಕಾಸರಕವನ್ನೂ ಪಕ್ಕದಲ್ಲೇ ತೋರಿಸಿಕೊಳ್ಳಿ.

ಪ್ರಶ್ನೆ: ಕಣಿಲೆಯನ್ನು ಮೂರು ದಿನ ನೆನೆಸಲೇಬೇಕಾ? ಕುಕ್ಕರ್‌ನಲ್ಲಿ ನಾಲ್ಕು ವಿಸಿಲ್ ಕೂಗಿಸಿದರೆ ಆಗುವುದಿಲ್ಲವಾ?

ನೆನೆಸಲೇಬೇಕು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ಸಣ್ಣಗೆ ಹೆಚ್ಚಿ ನೀರಿನಲ್ಲಿ ಹಾಕಿ, ದಿನವೂ ನೀರು ಚೆಲ್ಲಿ ಹೊಸ ನೀರು ಹಾಕಿದರೆ ಅದು ಒಡೆದು ಹೊರಗೆ ಹೋಗುತ್ತದೆ. ಆಮೇಲೂ ಮುಚ್ಚಳ ತೆಗೆದಿಟ್ಟು ಕುದಿಸಿ, ಆ ನೀರನ್ನೂ ಚೆಲ್ಲಿ. ಮಾರ್ಕೆಟ್‌ನಲ್ಲಿ ಹೆಚ್ಚಿ ಕೊಟ್ಟ ಕಣಿಲೆಗೂ ಇದೇ ಮಾತು. ಎಷ್ಟು ದಿನ ನೆನೆದಿದೆ ಎಂದು ನಿಮಗೆ ಗೊತ್ತಿಲ್ಲ. ನಂತರ ಮೊಳಕೆ ಬಂದ ಪದೆಂಗಿ (ಹೆಸರುಕಾಳು) ಹಾಕಿ ಗಸಿ ಮಾಡಿ, ಅದರಷ್ಟು ರುಚಿ ಇನ್ನೊಂದಿಲ್ಲ. ಕಣಿಲೆ ಎಂದರೆ ಮುಂದಿನ ಬಿದಿರು. ಮೆಳೆಯ ಕಣಿಲೆಯನ್ನೆಲ್ಲ ಮುರಿದು ತಂದರೆ ಆ ಮೆಳೆ ಅಲ್ಲಿಗೆ ಮುಗಿಯಿತು. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಮುರಿಯುವುದು ಅಪರಾಧ.

ಪ್ರಶ್ನೆ: ತಜಂಕ್ (ತಗಟೆ) ಸೊಪ್ಪು ಅಂದುಕೊಂಡು ಬೇರೆ ಗಿಡ ತಂದರೆ?

ತಜಂಕ್‌ನ ಒಂದು ದಂಟಿಗೆ ಮೂರು ಜೊತೆ ಎಲೆ, ತುದಿ ಉರುಟು. ನಾಲ್ಕೈದು ಜೊತೆ ಇದ್ದು ತುದಿ ಚೂಪಾಗಿದ್ದರೆ ಅದು ಅದರದೇ ಜಾತಿಯ ಇನ್ನೊಂದು ಗಿಡ. ಅದರ ಬೀಜ ತಿಂದು ಮಕ್ಕಳು ಸತ್ತದ್ದು ಉತ್ತರ ಪ್ರದೇಶದಲ್ಲಿ ದಾಖಲಾಗಿದೆ. ಮೊದಲ ಮಳೆಗೆ ಹುಟ್ಟಿದ ಎಳೆ ಎಲೆ ಮಾತ್ರ ಕೊಯ್ಯಿರಿ, ಹಲಸಿನ ಬೀಜ ಹಾಕಿ ಪಲ್ಯ ಮಾಡಿ. ನನಗೆ ಹೆಚ್ಚಿನ ಚಿಂತೆ ಕಳೆನಾಶಕದ್ದು. ರಸ್ತೆ ಬದಿಗೂ ಅಡಿಕೆ ತೋಟಕ್ಕೂ ಅದನ್ನು ಹೊಡೆಯುತ್ತಾರೆ, ಹೊಡೆದ ದಿನವೇ ಸೊಪ್ಪು ಬಾಡುವುದಿಲ್ಲ. ತೋಟದವರನ್ನು ಕೇಳದೆ ಒಂದು ಎಲೆಯನ್ನೂ ಕೊಯ್ಯಬೇಡಿ.

ಪ್ರಶ್ನೆ: ಚರಂಡಿ ಪಕ್ಕ ಕೆಸು ಚೆನ್ನಾಗಿ ಬೆಳೆದಿದೆ. ಪತ್ರೊಡೆಗೆ ಆಗಬಹುದಾ?

ಬೇಡ. ಹುಣಸೆಹುಳಿ ಕೆಸುವಿನ ತುರಿಕೆಯನ್ನು ಕಡಿಮೆ ಮಾಡುತ್ತದೆ, ಚರಂಡಿಯ ಸೀಸವನ್ನಲ್ಲ.

ಪ್ರಶ್ನೆ: ಅಣಬೆ ಬೇಯುವಾಗ ಬೆಳ್ಳಿ ಚಮಚ ಕಪ್ಪಾಗದಿದ್ದರೆ ತಿನ್ನಬಹುದಲ್ವಾ?

ಇದು ಶುದ್ಧ ಸುಳ್ಳು. ಕೊಲ್ಲುವ ಅಣಬೆಯಲ್ಲೂ ಚಮಚ ಬೆಳ್ಳಗೇ ಇರುತ್ತದೆ. ಕುದಿಸಿದರೂ ಅದರ ವಿಷ ಹೋಗುವುದಿಲ್ಲ. ವಾಂತಿ ಶುರುವಾಗುವುದೇ ಆರು ಗಂಟೆ ಕಳೆದ ಮೇಲೆ, ಅಷ್ಟರಲ್ಲಿ ಲಿವರ್‌ಗೆ ಪೆಟ್ಟು ಬಿದ್ದಿರುತ್ತದೆ.

ಪ್ರಶ್ನೆ: ಒಂದೆಲಗದ ಚಟ್ನಿ ತಿಂದರೆ ಪರೀಕ್ಷೆಯಲ್ಲಿ ಮಾರ್ಕ್ಸ್ ಜಾಸ್ತಿ ಬರುತ್ತದಾ?

ಓದಿದರೆ ಬರುತ್ತದೆ.

ಪ್ರಶ್ನೆ: ಕುಚ್ಚಲಕ್ಕಿ ಬಿಟ್ಟು ಕಿನೋವಾ ತಿನ್ನಲಾ?

ಬೇಡ. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನ ಬಿ ವಿಟಮಿನ್ ಕಾಳಿನೊಳಕ್ಕೆ ಇಳಿಯುತ್ತದೆ. ಬಟ್ಟಲಿನ ಅಳತೆ ಕಡಿಮೆ ಮಾಡಿ, ಪಲ್ಯ ಜಾಸ್ತಿ ಮಾಡಿ.

ಪ್ರಶ್ನೆ: ಮಳೆಗಾಲದಲ್ಲಿ ಒಳ್ಳೆಯ ಮೀನು ಸಿಗುವುದಿಲ್ಲ. ಜಿಮ್‌ನವರು ಹೇಳುವ ಪ್ರೋಟೀನ್ ಪೌಡರ್ ತೆಗೆದುಕೊಳ್ಳಲಾ?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಮೀನು ಮೊಟ್ಟೆಯಿಟ್ಟು ಮರಿ ಮಾಡಲು ಅಷ್ಟು ಬಿಡುವು ಬೇಕು. ಆ ಎರಡು ತಿಂಗಳು ಹುರುಳಿ, ಪದೆಂಗಿ, ಮೊಟ್ಟೆ ತಿನ್ನಿ. ದೋಣಿ ಕಡಲಿಗೆ ಇಳಿದ ಮೇಲೆ ಬೂತಾಯಿ ಮೀನು ಕೊಳ್ಳಿ. ಒಮೆಗಾ 3ಗೆ ಬೇರೆ ಕ್ಯಾಪ್ಸೂಲ್ ಬೇಕಾಗಿಲ್ಲ. ಬೆರಳುದ್ದವೂ ಇಲ್ಲದ ಮರಿ ಬೂತಾಯಿ ರಾಶಿ ಹಾಕಿದ್ದರೆ ಎಷ್ಟೇ ಅಗ್ಗವಿದ್ದರೂ ಕೊಳ್ಳಬೇಡಿ.