ಪಾಠ ನಡೆಯದ ಕಾಲೇಜು

ಮೇಷ್ಟ್ರಿಗೆ ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ಬಂದ ಆಸ್ಟ್ರೇಲಿಯದ ಮೆಲ್ಬರ್ನ್ ಪ್ರವಾಸ ಲೇಖನ ಓದಿ ತುಮಕೂರಿನಿಂದ ನೀವು ಬರೆದ ಪತ್ರ ಸಿಕ್ಕಿತು. ಅಲ್ಲಿನ ನ್ಯೂಮನ್ ಕಾಲೇಜಿನ ಬಗ್ಗೆ ನಿಮ್ಮದು ಎರಡು ತಕರಾರು. ತರಗತಿಗಳೇ ಇಲ್ಲದ ಜಾಗವನ್ನು ಹಾಸ್ಟೆಲ್ ಅನ್ನದೆ ಕಾಲೇಜು ಅಂದಿದ್ದೇಕೆ? ಕ್ಯಾಥೊಲಿಕ್ ಗಂಡುಹುಡುಗರಿಗೆ ಅಂತಲೇ ಕಟ್ಟಿದ್ದನ್ನು ಅಷ್ಟೊಂದು ಹೊಗಳುವ ಅಗತ್ಯವೇನಿತ್ತು? ಎರಡನೆಯದು ನನಗೂ ತಟ್ಟಿದ ಪ್ರಶ್ನೆ. ಹಾಗಾಗಿ ಎರಡು ಸಾಲಿನಲ್ಲಿ ಮುಗಿಸಲು ಮನಸ್ಸು ಬರಲಿಲ್ಲ.

ನಮ್ಮಲ್ಲಿ ಕಾಲೇಜು ಅಂದರೆ ಪಾಠ, ಹಾಜರಿ, ಪರೀಕ್ಷೆ. ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವುದೂ ಪದವಿ ಕೊಡುವುದೂ ವಿಶ್ವವಿದ್ಯಾಲಯವೇ. ಅದರ ಪಕ್ಕದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಇರುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ, ಗೊತ್ತಾಗದ್ದನ್ನು ಟ್ಯೂಟರ್‌ಗಳ ಹತ್ತಿರ ಹೇಳಿಸಿಕೊಳ್ಳುತ್ತಾರೆ. ಮಲಗಲು ಒಂದು ಮಂಚ ಕೊಟ್ಟರೆ ಮುಗಿಯಿತು ಅನ್ನುವ ಜಾಗವಲ್ಲ. ಈ ಕಾಲೇಜಿಗೆ ಯಾರ ಹೆಸರಿಟ್ಟಿದ್ದಾರೋ ಆ ಇಂಗ್ಲೆಂಡಿನ ಕ್ಯಾಥೊಲಿಕ್ ಧರ್ಮಗುರು ಕಾರ್ಡಿನಲ್ ಜಾನ್ ಹೆನ್ರಿ ನ್ಯೂಮನ್ 1852ರಲ್ಲೇ ಇದನ್ನು ಬರೆದಿದ್ದರು. ಸುಮ್ನೆ ಪರೀಕ್ಷೆ ನಡೆಸಿ ಪದವಿ ಹಂಚುವ ವಿಶ್ವವಿದ್ಯಾಲಯ ಒಂದು, ಏನೂ ಕಲಿಸದೆ ಹುಡುಗರನ್ನು ಮೂರು ನಾಲ್ಕು ವರ್ಷ ಒಟ್ಟಿಗೆ ಇರಿಸಿ ಕಳಿಸುವ ವಿಶ್ವವಿದ್ಯಾಲಯ ಇನ್ನೊಂದು. ಎರಡರಲ್ಲಿ ಆರಿಸು ಅಂದರೆ ತಾನು ಎರಡನೆಯದನ್ನೇ ಆರಿಸುತ್ತೇನೆ ಅಂದಿದ್ದರು. ನಲವತ್ತು ವರ್ಷ ಪಾಠ ಹೇಳಿದ ನಿಮಗೆ ಈ ಮಾತು ಹೇಗೆ ಕೇಳಿಸುತ್ತದೋ!

ಈಗ ಧರ್ಮದ ವಿಷಯ. 1853ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯ ಯಾವ ಪಂಗಡಕ್ಕೂ ಸೇರಿದ್ದಲ್ಲ. ಬದಲಿಗೆ ಪಕ್ಕದಲ್ಲೇ ನಾಲ್ಕು ಕ್ರೈಸ್ತ ಪಂಗಡಗಳಿಗೆ ಕಾಲೇಜು ಕಟ್ಟಿಕೊಳ್ಳಲು ಜಾಗ ಬಿಟ್ಟಿದ್ದರು. ಆಂಗ್ಲಿಕನ್ನರ ಟ್ರಿನಿಟಿ 1872ರಲ್ಲಿ ತೆರೆಯಿತು, ಪ್ರೆಸ್ಬಿಟೇರಿಯನ್ನರ ಆರ್ಮಂಡ್ 1881ರಲ್ಲಿ. ಕ್ಯಾಥೊಲಿಕರ ಜಾಗ ಮಾತ್ರ ಎಷ್ಟೋ ದಶಕ ಖಾಲಿಯೇ ಬಿದ್ದಿತ್ತು. ಅವರಲ್ಲಿ ಬಹುಪಾಲು ಐರ್ಲೆಂಡಿನಿಂದ ಬಂದವರು, ಜಾಸ್ತಿ ಜನ ಕೂಲಿನಾಲಿ ಮಾಡುವವರು. ಕೊನೆಗೆ 1918ರಲ್ಲಿ ನ್ಯೂಮನ್ ತೆರೆದಾಗ ಅದನ್ನು ನೋಡಿಕೊಳ್ಳಲು ಬಂದವರು ಜೆಸ್ಯೂಟ್ ಪಾದ್ರಿಗಳು. ನಮ್ಮ ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದರಲ್ಲ, ಅದೇ ಸಂಘದವರು.

ಓದಿದವರು ಕಡಿಮೆ ಇದ್ದ ಸಮುದಾಯವೊಂದು ತನ್ನ ಮಕ್ಕಳೂ ಓದಲಿ ಅಂತ ಸೂರು ಕಟ್ಟಿತು. ಮೈಸೂರು, ಬೆಂಗಳೂರುಗಳಲ್ಲಿ ನಮ್ಮ ಸಮುದಾಯಗಳು ಹಾಸ್ಟೆಲ್ ಕಟ್ಟಿದ್ದೂ ಇದೇ ಕಾರಣಕ್ಕೆ, ಅಲ್ವಾ? ಅಂಥದ್ದೊಂದು ಹಾಸ್ಟೆಲ್ಲಿನ ಅನ್ನ ತಿಂದೇ ನಾನು ಬಿ.ಎ. ಮುಗಿಸಿದ್ದು. ಉದ್ದನೆ ಬೆಂಚು, ಸ್ಟೀಲ್ ತಟ್ಟೆ, ಮುದ್ದೆಯ ಪಕ್ಕದಲ್ಲಿ ಹರಿದಾಡುವ ಹುರುಳಿ ಸಾರು. ಬಡಿಸುವ ಸರದಿ ನಮ್ಮದೇ. ನನ್ನ ಮೊದಲ ಇಂಗ್ಲಿಷ್ ಅರ್ಜಿಯನ್ನು ಎಂಜಲು ಕೈ ತೊಳೆದು ಬಂದು ತಿದ್ದಿಕೊಟ್ಟವನು ಎಂ.ಎ. ಓದುತ್ತಿದ್ದ ಸೀನಿಯರ್. ಆದರೆ ನನ್ನ ಜೊತೆಯೇ ಬಸ್ಸಿಳಿದ ಊರಿನ ಗೆಳೆಯನಿಗೆ ಅಲ್ಲಿ ಜಾಗ ಸಿಗಲಿಲ್ಲ. ಅವನ ಜಾತಿ ಬೇರೆ. ರೈಲ್ವೆ ಹಳಿ ಪಕ್ಕದ ರೂಮಿನಲ್ಲಿ ಸೀಮೆಎಣ್ಣೆ ಸ್ಟವ್ ಹಚ್ಚಿಕೊಂಡು ಎರಡು ವರ್ಷ ಒಬ್ಬನೇ ಅಡುಗೆ ಮಾಡಿಕೊಂಡ. ಮೂರನೇ ವರ್ಷ ಓದು ಬಿಟ್ಟ. ಆ ಮೇಜಿನ ಬೆಲೆ ನನಗೆ ಗೊತ್ತಾಗಿದ್ದು ಅದು ಅವನಿಗೆ ಸಿಗದೇ ಹೋದಾಗ.

ಆದ್ದರಿಂದ ನಿಮ್ಮ ಆಕ್ಷೇಪಣೆಯ ಅರ್ಧವನ್ನು ಪೂರ್ತಿ ಮನಸ್ಸಿನಿಂದ ಒಪ್ಪುತ್ತೇನೆ. ನ್ಯೂಮನ್ ಕಾಲೇಜು ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿದ್ದು 1977ರಲ್ಲಿ. ಅಂದರೆ 59 ವರ್ಷ ಅದು ಗಂಡಸರದ್ದೇ. ಅಲ್ಲಿಯವರೆಗೆ ಕ್ಯಾಥೊಲಿಕ್ ಹುಡುಗಿಯರಿಗೆ ಲೊರೆಟೊ ಸಿಸ್ಟರ್‌ಗಳು ನಡೆಸುತ್ತಿದ್ದ ಸೇಂಟ್ ಮೇರೀಸ್ ಇತ್ತು, ನಿಜ. ಆದರೆ ಬೇರೆ ಜಾಗ ಇತ್ತು ಅನ್ನುವುದು ಉತ್ತರವಲ್ಲ. ಈಗ ಯಾವ ಧರ್ಮದವರೂ ಅಲ್ಲಿ ಸೇರಬಹುದು. ನಮ್ಮ ಲೇಖನದಲ್ಲಿ ಈ ಎರಡೂ ಸಂಗತಿ ಇರಬೇಕಿತ್ತು. ಬಿಟ್ಟಿದ್ದು ನನ್ನ ತಪ್ಪು.

ಹೊಗಳಿದ್ದನ್ನು ಮಾತ್ರ ವಾಪಸ್ ತೆಗೆದುಕೊಳ್ಳಲಾರೆ. ಅಲ್ಲಿನ ಊಟದ ಮನೆಯ ಫೋಟೊ ಇನ್ನೊಮ್ಮೆ ನೋಡಿ. ಗುಂಡಗಿನ ಹಾಲ್, ಮೇಲೆ ಕಾಂಕ್ರೀಟ್ ಗುಮ್ಮಟ, ಮೇಲಿನಿಂದ ಮೇಜುಗಳ ಮೇಲೆ ಬೀಳುವ ಬೆಳಕು. ಹೊರಗಡೆ ಗುಮ್ಮಟದ ಸುತ್ತ ಕಲ್ಲಿನ ಶಿಖರಗಳು. ಇದರ ನಕ್ಷೆ ಮಾಡಿದವರು ವಾಲ್ಟರ್ ಬರ್ಲಿ ಗ್ರಿಫಿನ್ ಮತ್ತು ಅವರ ಹೆಂಡತಿ ಮೇರಿಯನ್ ಮಹೋನಿ. ಆಸ್ಟ್ರೇಲಿಯದ ರಾಜಧಾನಿ ಕ್ಯಾನ್‌ಬೆರಾ ನಗರದ ನಕ್ಷೆಯೂ ಇವರದೇ. ಗಂಡುಹುಡುಗರಿಗೆ ಅಂತ ಕಟ್ಟಿದ ಮನೆಯ ಹಿಂದೆ ಒಬ್ಬ ಹೆಂಗಸಿನ ಕೈಯೂ ಇತ್ತು, ನೋಡಿ. ಕುರ್ಚಿ ಮೇಜುಗಳನ್ನು ಕೂಡ ಈ ಕಟ್ಟಡಕ್ಕೆಂದೇ ವಿನ್ಯಾಸ ಮಾಡಿದ್ದರು. ಹುಡುಗರು ಉಣ್ಣುವ ಜಾಗಕ್ಕೆ ಇಷ್ಟು ಮುತುವರ್ಜಿ! ನಮ್ಮ ಹಾಸ್ಟೆಲ್ಲಿನ ತಗಡಿನ ಸೂರು ನೆನಪಾಗಿ ಹೊಟ್ಟೆಯೊಳಗೆ ಏನೋ ಆಯಿತು. ಗ್ರಿಫಿನ್ ಆಮೇಲೆ ಕೆಲಸಕ್ಕೆಂದು ನಮ್ಮ ದೇಶಕ್ಕೇ ಬಂದರು. 1937ರಲ್ಲಿ ಲಖನೌನಲ್ಲಿ ತೀರಿಕೊಂಡರು. ಅವರ ಸಮಾಧಿಯೂ ಅಲ್ಲೇ ಇದೆ.

ಪತ್ರದ ಕೊನೆಯಲ್ಲಿ, ನೀವು ವಾರಾನ್ನ ಮಾಡಿಕೊಂಡು ಓದಿದ್ದು ಅಂತ ಒಂದೇ ಸಾಲು ಬರೆದು ನಿಲ್ಲಿಸಿಬಿಟ್ಟಿದ್ದೀರಿ. ಏಳು ದಿನ ಏಳು ಮನೆ, ಯಾರ ಮನೆಯಲ್ಲಿ ಎಲ್ಲಿ ಕೂರಿಸಿ ಬಡಿಸಿದರು, ಅದೆಲ್ಲ ಬೇಕು ಮೇಷ್ಟ್ರೇ. ಮುಂದಿನ ಸಂಚಿಕೆಯಲ್ಲಿ 4 ಪುಟ ನಿಮಗೆಂದೇ ಇಟ್ಟಿರುತ್ತೇನೆ. ತಿಂಗಳ 20ರೊಳಗೆ ಕಳಿಸಿ. ಕೈಬರಹದಲ್ಲೇ ಇರಲಿ, ಟೈಪ್ ನಾವು ಮಾಡಿಕೊಳ್ಳುತ್ತೇವೆ.

— ಸಂಪಾದಕ