ಹೊಟ್ಟೆ ಕಟ್ಟಿ ಉಳಿಸಬೇಡಿ

ಪ್ರಶ್ನೆ: ಮೇಡಂ, ನಾನು ಹಾಸನದವನು. ಜರ್ಮನಿಯ ಮ್ಯೂನಿಕ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ವೀಸಾಕ್ಕೆ ಅಂತ ಮೊದಲೇ ದುಡ್ಡು ಕಟ್ಟಿಟ್ಟ ಬ್ಲಾಕ್ಡ್ ಅಕೌಂಟ್‌ನಿಂದ ತಿಂಗಳಿಗೆ 992 ಯೂರೋ ಬರುತ್ತದೆ, ರೂಮ್ ಬಾಡಿಗೆಗೇ 680 ಹೋಗುತ್ತದೆ. ಹೆಲ್ತ್ ಇನ್ಶೂರೆನ್ಸ್ ಕಟ್ಟಿದ ಮೇಲೆ ಕೈಯಲ್ಲಿ 170ರ ಆಸುಪಾಸು ಉಳಿಯುತ್ತೆ. ಏನು ಕೊಂಡರೂ ತಲೆಯಲ್ಲಿ ರೂಪಾಯಿ ಲೆಕ್ಕ ಓಡುತ್ತದೆ. ರಾತ್ರಿ ಬಾಳೆಹಣ್ಣು ತಿಂದು ಮಲಗುವುದು ರೂಢಿಯಾಗಿದೆ. ಅಪ್ಪ ಸಾಲ ಮಾಡಿ ಕಳಿಸಿದ್ದಾರೆ, ಮತ್ತೆ ಕೇಳೋಕೆ ಮನಸ್ಸಿಲ್ಲ. ಒಂದು ರೆಸ್ಟೋರೆಂಟ್‌ನಲ್ಲಿ ಕೈಗೇ ಕ್ಯಾಶ್ ಕೊಡುತ್ತೇವೆ ಬಾ ಅಂತಿದ್ದಾರೆ. ಹೋಗಲಾ?

ಉತ್ತರ: ಬೇಡ, ಆ ಕೆಲಸಕ್ಕೆ ಹೋಗಬೇಡಿ. ಲೆಕ್ಕಕ್ಕೆ ಸಿಗದ ಕೆಲಸ ಮಾಡಿ ಸಿಕ್ಕಿಬಿದ್ದರೆ ಹೋಗುವುದು ಸಂಬಳವಲ್ಲ, ವೀಸಾ. ಕೈ ಕಾಲಿಗೆ ಪೆಟ್ಟಾದರೂ ಕೇಳುವವರಿಲ್ಲ. ನಿಮಗೆ ನ್ಯಾಯವಾಗಿಯೇ ವರ್ಷಕ್ಕೆ 140 ಪೂರ್ತಿ ದಿನ, ಇಲ್ಲವೇ 280 ಅರ್ಧ ದಿನ ಕೆಲಸ ಮಾಡಲು ಅವಕಾಶ ಇದೆ. 2024ರ ಮಾರ್ಚ್‌ವರೆಗೆ ಇದು 120 ದಿನ ಮಾತ್ರ ಇತ್ತು. ಇನ್ನೂ ಒಳ್ಳೆಯದು ಅಂದರೆ ಯೂನಿವರ್ಸಿಟಿಯೊಳಗೇ ಪ್ರೊಫೆಸರ್ ಕೈಕೆಳಗೆ ಮಾಡುವ ಸಹಾಯಕ ಕೆಲಸ. ಅಲ್ಲಿನ ಹುಡುಗರು ಹಿವಿ ಅನ್ನುತ್ತಾರಲ್ಲ, ಅದೇ. ಅದು ಈ 140 ದಿನದ ಲೆಕ್ಕಕ್ಕೇ ಬರುವುದಿಲ್ಲ. ಕ್ಲಾಸ್ ನಡೆಯುವ ದಿನಗಳಲ್ಲಿ ಎಲ್ಲ ಕೆಲಸ ಸೇರಿ ವಾರಕ್ಕೆ 20 ಗಂಟೆ ದಾಟದಂತೆ ನೋಡಿಕೊಳ್ಳಿ, ದಾಟಿದರೆ ಇನ್ಶೂರೆನ್ಸ್ ದುಬಾರಿಯಾಗುತ್ತೆ. ಫುಡ್ ಡೆಲಿವರಿಯಲ್ಲಿ "ಸ್ವಂತ ಉದ್ಯೋಗ" ಅಂತ ಸೈನ್ ಹಾಕಿಸಿಕೊಳ್ಳುವವರೂ ಇದ್ದಾರೆ. ಸ್ಟೂಡೆಂಟ್ ಪರ್ಮಿಟ್‌ನಲ್ಲಿ ಪ್ರತ್ಯೇಕ ಅನುಮತಿ ಇಲ್ಲದೆ ಅದಕ್ಕೆ ಅವಕಾಶ ಇಲ್ಲ.

ಇನ್ನು ಬಾಳೆಹಣ್ಣಿನ ವಿಷಯ. ಅದನ್ನು ಓದಿ ನಿಜವಾಗಲೂ ಸಂಕಟವಾಯಿತು. ರಾತ್ರಿ ಊಟ ಬಿಟ್ಟರೆ ಉಳಿಯುವುದು ಎಷ್ಟು? ದಿನಕ್ಕೆ ಒಂದೂವರೆ ಯೂರೋ ಇರಬಹುದು. ತಿಂಗಳಿಗೆ 45. ಅಷ್ಟಕ್ಕೆ ನೀವು ಆರೋಗ್ಯ, ನಿದ್ದೆ, ಓದು ಮೂರನ್ನೂ ಅಡ ಇಡುತ್ತಿದ್ದೀರಿ. ಪರೀಕ್ಷೆ ಫೇಲಾಗಿ ಒಂದು ಸೆಮಿಸ್ಟರ್ ಜಾಸ್ತಿ ಆದರೆ ಆರು ತಿಂಗಳ ಬಾಡಿಗೆ ಮೈಮೇಲೆ ಬರುತ್ತದೆ. ಮಧ್ಯಾಹ್ನ ಮೆನ್ಸಾದಲ್ಲಿ, ಅಂದರೆ ಯೂನಿವರ್ಸಿಟಿ ಕ್ಯಾಂಟೀನಿನಲ್ಲಿ, ಹೊಟ್ಟೆ ತುಂಬ ತಿನ್ನಿ, ವಿದ್ಯಾರ್ಥಿಗಳಿಗೆ ಅಂತಲೇ ಕಡಿಮೆ ದರ ಇಟ್ಟಿರುತ್ತಾರೆ. ರಾತ್ರಿಗೆ ಒಂದು ಸಾರು ಸಾಕು. ಟರ್ಕಿ ಅಂಗಡಿಯಲ್ಲಿ ಕೆಂಪು ಮಸೂರ್ ಬೇಳೆ ಸಿಗುತ್ತೆ, ತೊಗರಿಗಿಂತ ಅಗ್ಗ, ಕುಕ್ಕರ್ ಬೇಡ, ಇಪ್ಪತ್ತು ನಿಮಿಷದಲ್ಲಿ ಕರಗಿಹೋಗುತ್ತೆ. ಒಂದು ಟೊಮೆಟೊ, ಅಮ್ಮ ಕಳಿಸಿದ ಸಾರಿನ ಪುಡಿ, ಎರಡು ಎಸಳು ಬೆಳ್ಳುಳ್ಳಿ ಒಗ್ಗರಣೆ. ಸೋನಾ ಮಸೂರಿಗೆ ಇಂಡಿಯನ್ ಅಂಗಡಿಗೆ ದುಡ್ಡು ಸುರಿಯಬೇಡಿ. ಆಲ್ಡಿ, ಲಿಡ್ಲ್‌ನಂಥ ಅಗ್ಗದ ಸೂಪರ್ ಮಾರ್ಕೆಟ್‌ನಲ್ಲಿ ಪಾಯಸಕ್ಕೆ ಅಂತ ಮಾರುವ ಗುಂಡು ಅಕ್ಕಿ ಇದೆಯಲ್ಲ, ಮಿಲ್ಶ್‌ರೈಸ್, ಅದನ್ನು ಮೆತ್ತಗೆ ಬೇಯಿಸಿ ಮೊಸರು ಕಲಸಿದರೆ ಮೊಸರನ್ನ ಚೆನ್ನಾಗಿಯೇ ಆಗುತ್ತೆ. ಭಾನುವಾರ ಅಂಗಡಿ ಮುಚ್ಚಿರುತ್ತೆ, ಶನಿವಾರವೇ ತಂದಿಡಿ. ಇಲ್ಲದಿದ್ದರೆ ರೈಲ್ವೆ ಸ್ಟೇಷನ್ ಅಂಗಡಿಯಲ್ಲಿ ಜಾಸ್ತಿ ಕೊಟ್ಟು ತರಬೇಕಾಗುತ್ತೆ.

ನಿಮ್ಮ ನಿಜವಾದ ತೂತು ಇರುವುದು ಬಾಡಿಗೆಯಲ್ಲಿ. 992ರಲ್ಲಿ 680 ಕೊಟ್ಟು ಉಳಿದದ್ದರಲ್ಲಿ ಎಷ್ಟು ಹಿಂಡಿದರೂ ಪ್ರಯೋಜನ ಇಲ್ಲ. ವಿದ್ಯಾರ್ಥಿಗಳ ಊಟ, ವಸತಿ ನೋಡಿಕೊಳ್ಳುವ ಸ್ಟುಡಿಯರೆಂಡನ್‌ವೆರ್ಕ್ ಸಂಸ್ಥೆಯ ಹಾಸ್ಟೆಲ್‌ಗೆ ಇವತ್ತೇ ಅರ್ಜಿ ಹಾಕಿ. ಮ್ಯೂನಿಕ್‌ನಲ್ಲಿ ಸೆಮಿಸ್ಟರ್‌ಗಟ್ಟಲೆ ಕಾಯಬೇಕು, ಆದರೆ ಹಾಕದೆ ಇದ್ದರೆ ಸರದಿ ಶುರುವಾಗುವುದೇ ಇಲ್ಲ ಅಲ್ವಾ? ಅಲ್ಲಿಯವರೆಗೆ ಫ್ರೈಸಿಂಗ್, ಆಗ್ಸ್‌ಬುರ್ಗ್ ಕಡೆ ಹುಡುಕಿ, ರೈಲಿನಲ್ಲಿ ಓಡಾಡಬಹುದು. ಇಂಟರ್ನ್‌ಶಿಪ್‌ಗೆ ಬೇರೆ ಊರಿಗೆ ಹೋಗುವ ವಿದ್ಯಾರ್ಥಿಗಳು ಕೆಲವು ತಿಂಗಳಿಗೆ ರೂಮು ಬಿಟ್ಟುಕೊಡುತ್ತಾರೆ, ಅದನ್ನೂ ನೋಡಿ. ಆದರೆ ರೂಮು ಕಣ್ಣಾರೆ ನೋಡದೆ ಯಾರಿಗೂ ಅಡ್ವಾನ್ಸ್ ಕಳಿಸಬೇಡಿ. ಅಡ್ವಾನ್ಸ್ ಕೂಡ ಹೀಟಿಂಗ್ ಗೀಟಿಂಗ್ ಸೇರಿಸದ ಬಾಡಿಗೆಯ ಮೂರು ತಿಂಗಳಿಗಿಂತ ಹೆಚ್ಚು ಕೇಳುವ ಹಾಗಿಲ್ಲ, ಅದು ಅಲ್ಲಿನ ಕಾನೂನು.

ಸಣ್ಣಪುಟ್ಟದ್ದು ಇನ್ನೂ ಇವೆ. ರೇಡಿಯೋ-ಟೀವಿ ಶುಲ್ಕ ತಿಂಗಳಿಗೆ 18.36 ಯೂರೋ, ಅದು ಮನೆಗೆ ಒಂದು, ತಲೆಗೆ ಒಂದಲ್ಲ. ಒಂದೇ ಫ್ಲ್ಯಾಟ್‌ನಲ್ಲಿ ಮೂವರಿದ್ದರೆ ಒಬ್ಬರು ಕಟ್ಟಿ ಹಂಚಿಕೊಳ್ಳಿ, ನಿಮ್ಮ ಹೆಸರಿಗೆ ಪತ್ರ ಬಂದರೆ ಕಟ್ಟುತ್ತಿರುವವರ ಶುಲ್ಕದ ಖಾತೆ ನಂಬರ್ ಬರೆದು ಕಳಿಸಿ. ದೇಶದ ಲೋಕಲ್ ಬಸ್ಸು, ರೈಲಿಗೆಲ್ಲ ನಡೆಯುವ ತಿಂಗಳ ಪಾಸ್ ಡಾಯ್ಚ್‌ಲಾಂಡ್ ಟಿಕೆಟ್ 2026ರ ಜನವರಿಯಿಂದ 63 ಯೂರೋ ಆಗಿದೆ, ವಿದ್ಯಾರ್ಥಿಗಳ ಕಡಿಮೆ ದರದ ಟಿಕೆಟ್ ವಿಚಾರಿಸದೆ ಪೂರ್ತಿ ದರ ಕೊಡಬೇಡಿ. ಅಗ್ಗ ಅಂತ ಪ್ರೈವೇಟ್ ಇನ್ಶೂರೆನ್ಸ್‌ಗೆ ಹಾರುವ ಗೆಳೆಯರಿದ್ದರೆ ತಡೆಯಿರಿ, ಓದು ಮುಗಿಯುವವರೆಗೆ ಸರ್ಕಾರಿ ಇನ್ಶೂರೆನ್ಸ್‌ಗೆ ವಾಪಸ್ ಬರಲು ಆಗುವುದಿಲ್ಲ. ಕೆಲಸ ಸಿಕ್ಕ ಮೇಲೆ ಸಂಬಳದಲ್ಲಿ ಆದಾಯ ತೆರಿಗೆ ಹಿಡಿದರೆ ಅಲ್ಲಿನ ತೆರಿಗೆ ಇಲಾಖೆಯ ಎಲ್ಸ್ಟರ್ ವೆಬ್‌ಸೈಟ್‌ನಲ್ಲಿ ಪುಕ್ಕಟೆಯಾಗಿ ರಿಟರ್ನ್ ಹಾಕಿ. 2025ರ ತೆರಿಗೆ ರಹಿತ ಮಿತಿ 12,096 ಯೂರೋ, ವರ್ಷದ ಆದಾಯ ಅದರೊಳಗಿದ್ದರೆ ಹಿಡಿದ ತೆರಿಗೆ ವಾಪಸ್ ಬರುತ್ತದೆ. ನಾಲ್ಕು ವರ್ಷದವರೆಗೂ ಹಾಕಬಹುದು.

ಅಪ್ಪನಿಗೆ ಫೋನ್ ಮಾಡಿ ಬಾಡಿಗೆ ಎಷ್ಟು ಅಂತ ನಿಜ ಹೇಳಿ. ಮಗ ರಾತ್ರಿ ಊಟ ಬಿಟ್ಟಿದ್ದಾನೆ ಅಂತ ಆಮೇಲೆ ಬೇರೆಯವರಿಂದ ಗೊತ್ತಾದರೆ ಅವರಿಗೆ ಸಾಲಕ್ಕಿಂತ ಅದೇ ಜಾಸ್ತಿ ನೋವು.

ಪ್ರಶ್ನೆ: ಮಗಳು ಜರ್ಮನಿಗೆ ಹೊರಟಿದ್ದಾಳೆ. ದುಡ್ಡು ಕಳಿಸುವಾಗ ಬ್ಯಾಂಕಿನವರು ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡಿಯುತ್ತಾರಂತೆ. ತಪ್ಪಿಸಲು ದಾರಿ ಇದೆಯೇ? ತುಪ್ಪ, ಸಾರಿನ ಪುಡಿ ಕಳಿಸಬಹುದಾ? (ತಾಯಿ, ದಾವಣಗೆರೆ)

ಉತ್ತರ: ಬ್ಯಾಂಕಿನ ಶಿಕ್ಷಣ ಸಾಲದ ದುಡ್ಡಾದರೆ ಟಿಸಿಎಸ್ ಇಲ್ಲ. ಸ್ವಂತ ದುಡ್ಡಾದರೆ 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷದವರೆಗೆ ಹಿಡಿಯುವುದಿಲ್ಲ. ಮಿತಿ ಒಬ್ಬೊಬ್ಬರ ಪ್ಯಾನ್‌ಗೆ ಬೇರೆ ಬೇರೆ, ಹಾಗಾಗಿ ನೀವೂ ನಿಮ್ಮ ಯಜಮಾನರೂ ನಿಮ್ಮ ನಿಮ್ಮ ದುಡ್ಡನ್ನು ಬೇರೆ ಬೇರೆಯಾಗಿ ಕಳಿಸಬಹುದು. ಹಿಡಿದರೂ ಗಾಬರಿ ಬೇಡ, ಐಟಿ ರಿಟರ್ನ್‌ನಲ್ಲಿ ತೆರಿಗೆಗೆ ವಜಾ ಆಗುತ್ತೆ, ಹೆಚ್ಚಿದ್ದರೆ ವಾಪಸ್ ಬರುತ್ತೆ. ಟಿಸಿಎಸ್‌ಗಿಂತ ಬ್ಯಾಂಕು ಯೂರೋಗೆ ಹಾಕುವ ದರ ನೋಡಿ. ಎರಡು ಮೂರು ಕಡೆ ಒಂದೇ ದಿನ ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತೆ, ಅದು ವಾಪಸ್ ಬರದ ದುಡ್ಡು.

ತುಪ್ಪ ಬೇಡ. ಹೊರದೇಶದಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪಿಯನ್ ಯೂನಿಯನ್ ನಿಷೇಧಿಸಿದೆ, ಏರ್‌ಪೋರ್ಟ್‌ನಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ ಧಾರಾಳವಾಗಿ ಹಾಕಿ, ಗಟ್ಟಿ ಕವರಿನಲ್ಲಿ ಸೀಲ್ ಮಾಡಿಸಿ.