ಕೆಳಮನೆಯ ಕಾಕು ಕೇಳಿದ್ದು ಲಿಂಕ್ ಅಲ್ಲ

ಪುಣೆ ಪಕ್ಕದ ಪಿಂಪ್ರಿಯಿಂದ ಈ ಅಂಕಣಕ್ಕೆ ಬಂದ ಪತ್ರ ನಾಲ್ಕು ಪುಟ. ಮುಕ್ಕಾಲು ಪಾಲು ಆಫೀಸಿನದೇ ಗೋಳು. ಬರೆದವರಿಗೆ 29 ವರ್ಷ, ಬೆಟಗೇರಿಯ ಬಾಸೆಲ್ ಮಿಷನ್ ಸಭೆಯ ಕ್ರೈಸ್ತ ಮನೆತನ, ಭೋಸರಿಯ ಕಾರ್ಖಾನೆಯಲ್ಲಿ ಲೆಕ್ಕಪತ್ರದ ಕೆಲಸ. ಭಾನುವಾರ ಇಂಗ್ಲಿಷ್ ಆರಾಧನೆ, ಬುಧವಾರ ಪ್ರಾರ್ಥನಾ ಗುಂಪು. ಗುಂಪಿನ ಮುಖಂಡರು ತಿಂಗಳಿಗೆ ಐದು ಹೆಸರು ಬರೆಸಿಕೊಂಡು ‘ಇವರಿಗೆಲ್ಲ ಸುವಾರ್ತೆ ಹೇಳಿ’ ಎನ್ನುತ್ತಾರೆ, ವಾರವಾರ ವರದಿ ಕೇಳುತ್ತಾರೆ. ಹಾಗಾಗಿ ಇವರು ಬೆಳಿಗ್ಗೆ 6.10ಕ್ಕೆ ಸಹೋದ್ಯೋಗಿಗಳಿಗೆ ವಚನದ ಚಿತ್ರ ಕಳಿಸುತ್ತಾರೆ. ಒಬ್ಬರು ಬ್ಲಾಕ್ ಮಾಡಿದ್ದಾರೆ, ಉಳಿದವರು ಕೈಮುಗಿದ ಇಮೋಜಿ ಹಾಕಿ ಸುಮ್ಮನಾಗುತ್ತಾರೆ. ‘ನನ್ನ ವಿಶ್ವಾಸ ಒಣಗಿದೆ. ಸಾಕ್ಷಿ ಹೇಳದ್ದಕ್ಕೇ ಹೀಗಾಯಿತು ಅಂತಾರೆ ಮುಖಂಡರು. ಧೈರ್ಯ ಎಲ್ಲಿಂದ ತರಲಿ?’

ಧೈರ್ಯದ ಮಾತು ಆಮೇಲೆ. ಮೂರನೇ ಪುಟದ ಕೊನೆಗೆ, ಕಂಸದೊಳಗೆ, ಒಂದು ಸಾಲು ಬರೆದಿದ್ದೀರಿ. ಕೆಳಮನೆಯ ವಿಜಯಪುರದ ಕಾಕು, ಅವರ ತಮ್ಮ ತೀರಿಕೊಂಡ ಎರಡನೇ ತಿಂಗಳಲ್ಲಿ, ‘ಸಂಜೀಕ ಒಬ್ಬಾಕೀನ ಕುಂತು ಏನ್ ಓದ್ತೀಯವಾ? ನನಗೂ ಒಂಚೂರು ಓದಿ ಹೇಳ’ ಅಂದರಂತೆ. ನೀವು 42 ನಿಮಿಷದ ಹಿಂದಿ ಧರ್ಮಬೋಧನೆಯ ಲಿಂಕ್ ಕಳಿಸಿದಿರಿ. ‘ಅವರು ನೋಡಿದ ಹಾಗೆ ಕಾಣಲಿಲ್ಲ.’

ಯಾಕಾದರೂ ನೋಡಬೇಕು? ಅವರು ಓದಿ ಹೇಳು ಅಂದದ್ದು ನಿಮಗೆ. ಫಾರ್ವರ್ಡ್ ಮಾಡಿದ್ದು ಹೇಳಿದ ಲೆಕ್ಕಕ್ಕೆ ಬರುವುದಿಲ್ಲ ಎಂದು ಈ ಅಂಕಣ ಎಷ್ಟು ಸಲ ಹೇಳಬೇಕೋ!

ನೀವು ಯಾಕೆ ಹಾಗೆ ಮಾಡಿದಿರಿ ಎನ್ನುವುದೂ ಪತ್ರದಲ್ಲೇ ಇದೆ. ಅವ್ವ ಕೊಟ್ಟ ಸತ್ಯವೇದ, ಅಂದರೆ ಕನ್ನಡ ಬೈಬಲ್, ಟ್ರಂಕಿನ ತಳದಲ್ಲಿದೆ, ಸಂಜೆ ಓದುವುದು ಫೋನಿನ ಇಂಗ್ಲಿಷ್ ದಿನವಚನ. ಜನವರಿ 1ಕ್ಕೆ ಆದಿಕಾಂಡದಿಂದ ದಿನಕ್ಕೆ ಮೂರು ಅಧ್ಯಾಯದಂತೆ ಹಿಡಿದು ತಿಂಗಳಿಗೇ ಬಿಟ್ಟಿರಿ. ಅದು ನಿಮ್ಮೊಬ್ಬರ ಸೋಮಾರಿತನವಲ್ಲ, ಲೆಕ್ಕ ಹಾಕಿ ನೋಡಿ. ಆದಿಕಾಂಡ 50, ವಿಮೋಚನಕಾಂಡ 40, ಒಟ್ಟು 90 ಅಧ್ಯಾಯ, 30 ದಿನ. ಜನವರಿ 31ಕ್ಕೆ ಸರಿಯಾಗಿ ಯಾಜಕಕಾಂಡದ ಹೋಮ, ಬಲಿಗಳ ವಿಧಿ ಎದುರಾಗುತ್ತದೆ. ಬಹಳ ಜನರ ಗಾಡಿ ನಿಲ್ಲುವುದು ಅಲ್ಲೇ. ಮಾರ್ಕನ ಸುವಾರ್ತೆಯಿಂದ ಶುರುಮಾಡಿ. 16 ಅಧ್ಯಾಯ, ದಿನಕ್ಕೊಂದು, ಕನ್ನಡದಲ್ಲಿ, ಬಾಯಿಬಿಟ್ಟು. ನೋಟ್‌ಬುಕ್ಕಿನಲ್ಲಿ ಎರಡೇ ಸಾಲು: ಯೇಸು ಇಲ್ಲಿ ಏನು ಮಾಡಿದ, ನನಗೆ ಏನು ತಿಳಿಯಲಿಲ್ಲ. ಎರಡನೇ ಸಾಲು ಖಾಲಿ ಬಿಟ್ಟರೆ ಓದು ಮೇಲುಮೇಲೇ ಜಾರಿಹೋಗುತ್ತದೆ.

ಇನ್ನು ಆ ಮುಖಂಡರು. ನನ್ನ ಸಿಟ್ಟೆಲ್ಲ ಅವರ ಮೇಲೆಯೇ. ಪೇತ್ರನ ಮೊದಲ ಪತ್ರದ 3ನೇ ಅಧ್ಯಾಯ, 15ನೇ ವಚನ ಅವರಿಗೆ ಬಾಯಿಪಾಠ ಇರಬೇಕು. ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಅದೂ ಸಾತ್ವಿಕವಾಗಿ ಎನ್ನುತ್ತದೆ ಅದು. ಕೇಳುವವರಿಗೆ! ನಿಮ್ಮ ಐದು ಹೆಸರುಗಳಲ್ಲಿ ಕಾಕುವಿನದಿಲ್ಲ, ಕೇಳಿದ್ದು ಅವರೊಬ್ಬರೇ. ಸಾಕ್ಷಿ ಎಂಬ ಮಾತನ್ನು ಕೋರ್ಟಿನಿಂದಲೇ ತಿಳಿದುಕೊಳ್ಳಿ. ಕಂಡದ್ದನ್ನು ಹೇಳುವವ ಸಾಕ್ಷಿ, ಮಂದಿ ಹೇಳಿದ್ದನ್ನು ಒಪ್ಪಿಸುವವನಲ್ಲ. ಯೋಹಾನನ ಸುವಾರ್ತೆ 9ನೇ ಅಧ್ಯಾಯದಲ್ಲಿ, ಯೇಸು ಕಣ್ಣು ಕೊಟ್ಟ ಹುಟ್ಟುಕುರುಡನನ್ನು ಪರಿಸಾಯರೆಂಬ ಯೆಹೂದಿ ಧರ್ಮಮುಖಂಡರು ಗದರಿಸಿ ಕೇಳಿದಾಗ, ನನ್ನನ್ನು ಗುಣಮಾಡಿದವನು ಪಾಪಿಯೋ ಅಲ್ಲವೋ ನಾನರಿಯೆ, ಕುರುಡನಾಗಿದ್ದೆ, ಈಗ ಕಣ್ಣು ಕಾಣುತ್ತದೆ, ಅಷ್ಟು ಬಲ್ಲೆ ಎಂದ. ನಿಮ್ಮ ವಿಶ್ವಾಸ ಒಣಗಿರುವುದು ಹೇಳದ್ದರಿಂದಲ್ಲ, ಓದದ್ದರಿಂದ.

ಮಾಡಬೇಕಾದ್ದು ಒಂದೇ. ಈ ಶನಿವಾರ ಸಂಜೆ ಟ್ರಂಕಿನ ಪುಸ್ತಕ ಹಿಡಿದು ಕೆಳಗೆ ಹೋಗಿ, ‘ಕಾಕು, ಅವತ್ತು ಕೇಳಿದ್ರಿ, ಓದಿ ಹೇಳ್ಲೇನು?’ ಅನ್ನಿ. ಹ್ಞೂಂ ಅಂದರೆ ಯೋಹಾನ 11, 1ರಿಂದ 44ನೇ ವಚನದವರೆಗೆ ನಿಧಾನವಾಗಿ ಓದಿ. ಹತ್ತು ನಿಮಿಷವೂ ಬೇಡ. ಹೋಗುವ ಮೊದಲು ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿಕೊಂಡಿರಿ, ಹಳೆಯ ಸಂಧಿಪದಗಳು ನಾಲಗೆಗೆ ತೊಡರುತ್ತವೆ.

ಸತ್ತ ಲಾಜರನ ಕಥೆ ಅದು. ಅವನ ಒಡಹುಟ್ಟಿದ ಮಾರ್ಥಳೂ ಮರಿಯಳೂ ಬೇರೆಬೇರೆಯಾಗಿ ಬಂದು ಯೇಸುವಿಗೆ ಒಂದೇ ದೂರು ಹೇಳುತ್ತಾರೆ: ನೀನು ಇಲ್ಲಿದ್ದಿದ್ದರೆ ನಮ್ಮ ಒಡಹುಟ್ಟಿದವ ಸಾಯುತ್ತಿರಲಿಲ್ಲ. ಯೇಸು ಗದರಿಸುವುದಿಲ್ಲ. 35ನೇ ವಚನದಲ್ಲಿ ಅಳುತ್ತಾನೆ. ಅಲ್ಲಿಗೇ ಮುಗಿಸಿಬಿಡೋಣ ಅನ್ನಿಸೀತು, ಯಾಕೆಂದರೆ ಮುಂದೆ ಲಾಜರ ಎದ್ದು ಬರುತ್ತಾನೆ, ಕಾಕುವಿನ ತಮ್ಮ ಬರಲಿಲ್ಲ. ಆದರೂ ಕತ್ತರಿಸಬೇಡಿ. ‘ನನ್ನ ತಮ್ಮ ಯಾಕ ಏಳಲಿಲ್ಲ?’ ಎಂದು ಕೇಳಿದರೆ ‘ಗೊತ್ತಿಲ್ಲ ಕಾಕು’ ಅನ್ನಿ. ಬೇಕಿದ್ದರೆ ನಾನೇ ಪುನರುತ್ಥಾನ, ನಾನೇ ಜೀವ ಎಂದು ಯೇಸು ಹೇಳುವ 25ನೇ ವಚನ ಇನ್ನೊಮ್ಮೆ ಓದಿ, ನಾನು ನಂಬಿ ಕುಳಿತಿರುವುದು ಇದನ್ನು ಎಂದು ಹೇಳಿ, ಬಾಯಿ ಮುಚ್ಚಿ. ಕೆಡುವುದು ಆ ಮೌನ ತಾಳದೆ ವಿವರಣೆಗೆ ಇಳಿದಾಗ. ‘ರಕ್ಷಣೆ’, ‘ಅಭಿಷೇಕ’ ಎಂಬ ಸಭೆಯ ಮಾತು ಅಲ್ಲಿ ಬೇಡ. ಮೊದಲನೆಯದು ಪೊಲೀಸರ ನೆನಪು ತರುತ್ತದೆ, ಎರಡನೆಯದು ಗುಡಿಯದು. ಅವರಾಗಿ ಕೇಳದೆ ಪ್ರಾರ್ಥನೆ ಬೇಡ, ಕರಪತ್ರ ಬೇಡ, ಹಣದ ಸಹಾಯದ ಮಾತಂತೂ ಬೇಡವೇ ಬೇಡ.

ಭಾಷೆಯ ಮೇಲೆ ಇಷ್ಟು ಹಟವೇಕೆ ಎಂದರೆ, ಪುಣೆಯಿಂದ ದೌಂಡ್ ದಾರಿಯಲ್ಲೇ ಕೇಡಗಾಂವ್ ಇದೆ. 1858ರಲ್ಲಿ ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಅಲ್ಲಿಯೇ ಕೂತು, ಸಾಮಾನ್ಯ ಹೆಂಗಸರಿಗೂ ತಿಳಿಯಲೆಂದು ಬೈಬಲ್ಲನ್ನು ಸರಳ ಮರಾಠಿಗೆ ತಂದರು. 1922ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸ. ನಿಮಗೆ ಆ ಕಷ್ಟವಿಲ್ಲ. ಕನ್ನಡದಲ್ಲಿ ಪೂರ್ತಿ ಬೈಬಲ್ 1831ರಿಂದಲೇ ಇದೆ.

6.10ರ ಚಿತ್ರಗಳನ್ನು ನಾಳೆಯಿಂದಲೇ ನಿಲ್ಲಿಸಿ, ಯಾರೂ ವಿಚಾರಿಸುವುದಿಲ್ಲ. ಕಾಕು ಚಹಾ ಇಟ್ಟರೆ ಕುಡಿದು ಬನ್ನಿ. ಬುಧವಾರದ ವರದಿಯಲ್ಲಿ ಅವರ ಹೆಸರು ಬರೆಯಬೇಡಿ.